ಗಾರೆಗೆ ಹಾಕದ ಬೆಲ್ಲ

ನೀರು ಬಿದ್ದ ಸುಣ್ಣದ ವಾಸನೆ ಎಲ್ಲೇ ಬಂದರೂ ನನ್ನ ಬಾಯಿ ಸಿಹಿಯಾಗುತ್ತದೆ, ಹಿಂದೆಯೇ ಕಹಿಯಾಗುತ್ತದೆ. ಗುಂಡ್ಲುಪೇಟೆಯ ನಮ್ಮ ಶಾಲೆ ಮಹಾರಾಜರ ಕಾಲದ್ದು. ಮೊಳಕ್ಕೂ ಮೀರಿದ ದಪ್ಪ ಗೋಡೆ, ಬಂಡೀಪುರದ ಕಡೆಯಿಂದ ಗಾಡಿಯಲ್ಲಿ ಬಂದ ತೇಗದ ತೊಲೆ, ಅದರ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಎಲ್ಲಕ್ಕೂ ಮೇಲೆ ಗಾರೆ. ಬಿರುಬೇಸಿಗೆಯಲ್ಲೂ ಒಳಗೆ ಮಡಕೆಯ ತಂಪು. ಅದನ್ನು ಕಟ್ಟಿದವರು ಗಾರೆ ಹುಸೇನ್ ಸಾಬರ ತಂದೆ. ಪ್ರತಿ ಬೇಸಿಗೆ ರಜೆಯಲ್ಲಿ ಆ ಮಾಳಿಗೆಯ ಬಿರುಕು ಮುಚ್ಚುವುದು ಮಗ ಹುಸೇನ್ ಸಾಬರ ಪಾಲಿಗೆ ಬಂದಿತ್ತು. ನಾವು ಮಕ್ಕಳು ಅವರನ್ನು ತಾತ ಎನ್ನುತ್ತಿದ್ದೆವು.

ಅಳಲೆಕಾಯಿ, ಬೆಲ್ಲ ನೆನೆಸಿದ ನೀರಿನಲ್ಲಿ ಸುಣ್ಣ ಕಲಸಬೇಕು. ಮೊದಲು ಆ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಸರಿ ಎನಿಸಿದ ಮೇಲೆಯೇ ತಾತ ಕರಣೆ ಹಿಡಿಯುತ್ತಿದ್ದದ್ದು. ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷ, ಆ ನೀರಿನ ಬಾನಿಗೆ ಬೆಲ್ಲ ಪುಡಿಮಾಡಿ ಹಾಕುವ ಕೆಲಸ ನನ್ನದಾಗಿತ್ತು. ಕೊನೆಯ ದಿನದ ಎರಡಚ್ಚು ಬೆಲ್ಲವನ್ನು ನಾನೂ ಗೆಳತಿ ಚಿಕ್ಕತಾಯಿಯೂ ಜಗಲಿಯ ಕಂಬದ ಮರೆಯಲ್ಲಿ ಕೂತು ತಿಂದುಬಿಟ್ಟೆವು. ಆ ವರ್ಷ ಬೇಸಿಗೆಯಲ್ಲೇ ರಂಜಾನ್ ಬಂದಿತ್ತು. ತಾತ ಬಾನಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ನನ್ನನ್ನು ಕರೆದರು.

"ನಂಗೆ ರೋಜಾ ಕನಮ್ಮಿ. ನೀನೇ ಒಸಿ ನಾಲ್ಗೆಗೆ ಇಟ್ನೋಡು. ಸೀಯಾಗಿ ಅದಾ?"

ನಾಲಿಗೆಯ ತುಂಬ ಅಳಲೆಕಾಯಿಯ ಒಗರು. "ಅದೆ ತಾತ," ಅಂದೆ.

ಹೆಣ್ಣಾಳುಗಳು ಹಾಡು ಹೇಳುತ್ತ ದಿನವಿಡೀ ಮಾಳಿಗೆಯ ಮೇಲಿನ ಗಾರೆಯನ್ನು ಹಲಗೆಯಿಂದ ಬಡಿದರು. ಆ ಬಡಿತ ನನ್ನ ಎದೆಯೊಳಗೇ ಕೇಳುತ್ತಿತ್ತು. ಮಳೆ ಹಿಡಿದಾಗ ಮಿಕ್ಕ ಕಡೆ ಒಂದು ಹನಿಯೂ ಇಳಿಯಲಿಲ್ಲ. ಆ ಕೊನೆಯ ದಿನದ ಗಾರೆ ಹಾಕಿದ್ದ ಮೂಲೆ ಮಾತ್ರ ಸೋರಿತು. ಹೆಡ್‌ಮೇಷ್ಟ್ರು ತಾತನನ್ನು ಕರೆಸಿ, ನಿಮ್ಮಪ್ಪನ ಕೈ ನಿಮಗೆ ಬರಲಿಲ್ಲ ಎಂದು ನಮ್ಮೆಲ್ಲರ ಎದುರಿಗೇ ಹೇಳಿದರು. ತಾತ ಸೋರಿದ ಜಾಗವನ್ನು ನೋಡಿದರು. ಆಮೇಲೆ ನನ್ನನ್ನು. ನಾನು ಸ್ಲೇಟು ಒರೆಸುತ್ತಿದ್ದೆ.

"ವಯಸ್ಸಾಯ್ತು ಬುಡಿ ಸ್ವಾಮಿ," ಅಂದರು, ಅಷ್ಟೇ.

ಮರುವರ್ಷ ತಾತನನ್ನು ಕರೆಯಲಿಲ್ಲ, ಮೈಸೂರಿನಿಂದ ಸಿಮೆಂಟು ತರಿಸಿ ಆ ಮೂಲೆಯ ಮೇಲೆ ಮೆತ್ತಿದರು. ತಾತ ಸಂತೆಗೆ ಹೋಗುವಾಗಲೂ ಶಾಲೆಯ ಬೀದಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುವಷ್ಟರಲ್ಲಿ ಅವರೇ ಇಲ್ಲವಾದರು.

ಹೋದ ಬೇಸಿಗೆಯಲ್ಲಿ ಶಾಲೆಯನ್ನು ಕೆಡವುತ್ತಿದ್ದಾರೆಂದು ಕೇಳಿ ಹೋದೆ. ತಾತನ ಗಾರೆ ಹಾರೆಗೂ ಬಗ್ಗದೆ ಕೆಲಸದವರನ್ನು ದಣಿಸುತ್ತಿತ್ತು. ಸಿಮೆಂಟಿನಡಿ ಉಳಿದಿದ್ದ ನಮ್ಮ ಮೂಲೆಯದು ಮಾತ್ರ ಮುಟ್ಟಿದರೆ ಪುಡಿ. ಅದರದೊಂದು ಚೂರನ್ನು ಆಯ್ದು, ಯಾರೂ ನೋಡದಂತೆ ನಾಲಿಗೆಗೆ ಇಟ್ಟುಕೊಂಡೆ.

"ಸೀಯಿಲ್ಲ ಕನ ತಾತ," ಅಂದೆ.