ಪದ್ಮಾವತಿ ಸಿಸ್ಟರ್ ಹೊತ್ತ ತಪ್ಪು

ಬೊಮ್ಮಸಂದ್ರದ ಕಡೆಯ ನಮ್ಮ ಸರ್ಕಾರಿ ಆಸ್ಪತ್ರೆಗೆ ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಆಸ್ಪತ್ರೆ ಎಂದರೆ ಹಿರಿಯ ನರ್ಸು ಪದ್ಮಾವತಿ ಸಿಸ್ಟರ್. ನಾನು ಔಷಧಿ ಕೊಡುವ ಕಾಂಪೌಂಡರ್ ವೆಂಕಟೇಶಪ್ಪ. ಕಸ ಗುಡಿಸುವವ ಬರದಿದ್ದರೆ ಸಿಸ್ಟರ್ ಸೆರಗು ಸಿಕ್ಕಿಸಿ ತಾವೇ ಕಕ್ಕಸು ತೊಳೆಯುತ್ತಿದ್ದರು. ದೊಡ್ಡವರು ಹೀಗೆ ಮಾಡಿದರೆ ಕೆಳಗಿನವರು ತಲೆ ಮೇಲೆ ಕೂರುತ್ತಾರೆ ಎಂದು ನಾನು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆ.

2009ರ ಬೇಸಿಗೆಯಲ್ಲಿ ಕಾರ್ಖಾನೆ ಕೆಲಸಗಾರರ ವಠಾರದಲ್ಲಿ ವಾಂತಿಭೇದಿ ಶುರುವಾಯಿತು. ಅಲ್ಲಿ ಮೂರು ದಿನಕ್ಕೊಮ್ಮೆ ನೀರು. ಎಲ್ಲರೂ ನೀಲಿ ಡ್ರಮ್ಮುಗಳಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರು. ಮೊದಲ ದಿನವೇ ನಲವತ್ತು ಜನ ಬಂದರು. ನಮ್ಮಲ್ಲಿದ್ದುದು ಆರು ಮಂಚ. ತೀರಾ ಸುಸ್ತಾದವರಿಗೆ ಸಿಸ್ಟರ್ ಗ್ಲೂಕೋಸ್ ಹಾಕಿದರು. ಉಳಿದವರಿಗೆ ಓಆರ್‌ಎಸ್ ಪಾಕೆಟ್ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲೇ ಕಲಸಬೇಕೆಂದು ತಿಳಿಸಿ ಎಂದು ನನಗೆ ಹೇಳಿದರು. ನಾನೋ, ಸಿನಿಮಾ ಟಿಕೆಟ್ ಕೊಟ್ಟಂತೆ ಕಿಟಕಿಯಲ್ಲಿ ಪಾಕೆಟ್ ಕೊಟ್ಟೆ. ನೀರಿನ ಮಾತನ್ನೇ ಎತ್ತಲಿಲ್ಲ.

ಮರುದಿನ ರಾಯಚೂರಿನ ಕಡೆಯ ಮುತ್ತಣ್ಣ ನಾಲ್ಕು ವರ್ಷದ ಮಗಳನ್ನು ಹೊತ್ತು ಬಂದ. ಮಗು ಕಣ್ಣೇ ಬಿಡುತ್ತಿರಲಿಲ್ಲ. ಹಿಂದೆ ಇಡೀ ವಠಾರ. ನಿಮ್ಮ ಔಷಧಿಯಿಂದಲೇ ಹೀಗಾಯಿತು, ಇನ್ನು ಇಲ್ಲಿಯದು ಏನೂ ಬೇಡ ಎಂದು ಕೂಗಾಡಿದರು. ಅವರು ಔಷಧಿ ಬಿಟ್ಟಿದ್ದರೆ ಹೆಣಗಳೇ ಬೀಳುತ್ತಿದ್ದವು.

ಮಗುವಿಗೆ ಗ್ಲೂಕೋಸ್ ಹಾಕಿ ಬಂದ ಸಿಸ್ಟರ್, ಔಷಧಿಯನ್ನು ಯಾವ ನೀರಿನಲ್ಲಿ ಕಲಸಿದಿರಿ ಎಂದು ಕೇಳಿದರು. ಡ್ರಮ್ಮಿನ ನೀರು ಎಂದ ಮುತ್ತಣ್ಣ. ಸಿಸ್ಟರ್ ನನ್ನ ಕಡೆ ಒಮ್ಮೆ ನೋಡಿದರು.

"ಔಷಧಿ ಸರಿಯಾಗೇ ಇದೆ. ಯಾವ ನೀರಲ್ಲಿ ಕಲಸ್ಬೇಕು ಅಂತ ನಿಮಗೆ ಹೇಳ್ಲಿಲ್ಲ, ಅದು ನನ್ನ ತಪ್ಪು," ಎಂದರು. "ಇನ್ಮೇಲೆ ನೀರು ನಾನೇ ಕಾಯಿಸಿ ಕೊಡ್ತೀನಿ."

ನಾನು ಪಾಕೆಟ್ ಎಣಿಸುವವನಂತೆ ತಲೆ ತಗ್ಗಿಸಿದೆ.

ಪಕ್ಕದ ಶಾಲೆಯಿಂದ ಬಿಸಿಯೂಟದ ದೊಡ್ಡ ಪಾತ್ರೆಗಳು ಬಂದವು. ಅಡುಗೆಯ ಕಮಲಮ್ಮ ಆಸ್ಪತ್ರೆಯ ಅಂಗಳದಲ್ಲೇ ಒಲೆ ಹೂಡಿದಳು. ಕಾಯಿಸಿದ ನೀರಿಗೆ ಪುಡಿ ಕಲಸಿ, ಮೊದಲ ಲೋಟ ಸಿಸ್ಟರ್ ಎಲ್ಲರೆದುರು ತಾವೇ ಕುಡಿದರು. ಆಮೇಲೆ ಜನ ಕೈಯೊಡ್ಡಿದರು. ಸಿಸ್ಟರ್ ಪಂಚಾಯ್ತಿಯವರಿಂದ ನೀರಿನ ಟ್ಯಾಂಕರ್ ತರಿಸಿ, ವಠಾರದ ಡ್ರಮ್ಮುಗಳನ್ನೆಲ್ಲ ಚೆಲ್ಲಿಸಿ, ಬ್ರಷ್ ಹಿಡಿದು ಉಜ್ಜಲು ನಿಂತರು. ಅವರು ಡ್ರಮ್ಮಿನೊಳಗೆ ಬಗ್ಗಿರುವಾಗ ನಾನು ಕುರ್ಚಿಯಲ್ಲಿ ಕೂರುವುದು ಹೇಗೆ? ನಾನೂ ಒಂದು ಬ್ರಷ್ ಹಿಡಿದೆ.

ಐದನೆಯ ದಿನ ಹೊಸಬರು ಯಾರೂ ಬರಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಎರಡನೆಯ ದಿನ ಕಾಯಿಲೆ ಹೆಚ್ಚಿದ್ದೇಕೆ ಎಂದು ತಾಲ್ಲೂಕು ಅಧಿಕಾರಿ ವರದಿ ಕೇಳಿದಾಗಲೂ ಸಿಸ್ಟರ್ ಬರೆದದ್ದು ತಮ್ಮ ಹೆಸರನ್ನೇ. ಅದನ್ನು ಓದಿ ನನಗೆ ಅನ್ನ ಸೇರಲಿಲ್ಲ.

ಮಗಳನ್ನು ಮನೆಗೆ ಕರೆದೊಯ್ಯಲು ಬಂದ ಮುತ್ತಣ್ಣನನ್ನು ಪಕ್ಕಕ್ಕೆ ಕರೆದೆ.

"ನೀರಿನ ವಿಷಯ ನಿಮಗೆ ತಿಳಿಸಿ ಅಂತ ಸಿಸ್ಟರ್ ಹೇಳಿದ್ರು ಕಣಪ್ಪಾ. ಹೇಳ್ದೇ ಇದ್ದೋನು ನಾನು."

"ಗೊತ್ತೈತ್ರಿ," ಎಂದ ಮುತ್ತಣ್ಣ. "ಕಿಟಕ್ಯಾಗ ಇದ್ದವ್ರು ನೀವ ಅಲ್ರಿ? ಅವತ್ತ ನಿಮ್ಮನ್ನ ಹೊಡ್ಯಾಕ ಹೊಂಟಿದ್ದೆ. ಕಾಂಪೌಂಡರ್ ತಾವಾಗೇ ಬಂದು ಹೇಳ್ತಾರ, ಅಲ್ಲೀಮಟ ತಡಿ ಅಂತ ಸಿಸ್ಟರ್ ಅಂದಿದ್ರು."