ಗೌಡರ ಬಾಗಿಲಲ್ಲಿ ಡಂಗುರ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಕಡೆ, ಕಾಲುವೆ ದಂಡೆಯ ಒಂದು ಹಳ್ಳಿಗೆ ಮುದುಕಪ್ಪನೇ ರೇಡಿಯೋ. ಕಾಲುವೆಗೆ ನೀರು ಬಿಟ್ಟರೂ, ರೇಷನ್ ಸಕ್ಕರೆ ಬಂದರೂ, ಯಾರದೋ ಎಮ್ಮೆ ತಪ್ಪಿಸಿಕೊಂಡರೂ ಊರಿಗೆ ಗೊತ್ತಾಗುತ್ತಿದ್ದುದು ಅವನ ಹಲಗೆಯ ಬಡಿತದಿಂದ. ಓದು ಬರುತ್ತಿರಲಿಲ್ಲ, ಒಮ್ಮೆ ಕೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಸಾರುತ್ತಿದ್ದ. ಡಂಗುರ ಮೊದಲು ಹೊರಡುವುದು ಹೇಳಿಸಿದವರ ಬಾಗಿಲಿಂದ. ಯಾರೇ ತಡೆದು ಅರ್ಥ ಕೇಳಲಿ, ನಿಂತು ಬಿಡಿಸಿ ಹೇಳಬೇಕು. ಅಪ್ಪನ ಕಾಲದಿಂದ ಬಂದ ಈ ರಿವಾಜನ್ನು ಅವನು ಒಂದು ದಿನವೂ ಮುರಿದವನಲ್ಲ.

ಎಂಬತ್ತೊಂಬತ್ತರ ಶ್ರಾವಣ, ಭತ್ತದ ನಾಟಿಯ ಕಾಲ. ಅಯ್ಯಪ್ಪಗೌಡರ ಗದ್ದೆಯಲ್ಲಿ ಆರು ತಿಂಗಳ ಬಸುರಿ ಪಕೀರಮ್ಮ ಬಗ್ಗಿದ ಬೆನ್ನನ್ನು ಸ್ವಲ್ಪ ನೆಟ್ಟಗೆ ಮಾಡಿಕೊಂಡಳು. ಮೇಸ್ತ್ರಿ ಬೈದು ಅವಳನ್ನು ಕೆಸರಿಗೆ ತಳ್ಳಿಬಿಟ್ಟ. ಅಷ್ಟೇ ಸಾಕಾಯಿತು. ನಲವತ್ತು ಹೆಂಗಸರು ಸಸಿಯ ಕಟ್ಟುಗಳನ್ನು ಇದ್ದಲ್ಲೇ ಬಿಟ್ಟು ಬದುವಿನ ಮೇಲೆ ಕೂತರು. ಮೇಸ್ತ್ರಿ ಪಕೀರಮ್ಮನ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ಗದ್ದೆಗೆ ಇಳಿಯುವುದಿಲ್ಲ ಎಂದರು. ಅವರ ಮುಂದಾಳು ಬೇರೆ ಯಾರೂ ಅಲ್ಲ, ಮುದುಕಪ್ಪನ ಹೆಂಡತಿ ಯಮನೂರಮ್ಮ.

ಮೂರನೆಯ ದಿನ ಲಿಂಗಸುಗೂರಿನಲ್ಲಿ ಪಕ್ಷದ ಸಭೆ ಮುಗಿಸಿ ಬಂದ ಗೌಡರು ಡಂಗುರಕ್ಕೆಂದು ಒಂದು ಚೀಟಿ ಕಳಿಸಿದರು. ಚಹದಂಗಡಿಯ ಗೌಸ್‌ಸಾಬ್ ಅದನ್ನು ಓದಿ ಹೇಳಿದ. ಬದುವಿನ ಮೇಲೆ ಕೂತವರು ಭಯೋತ್ಪಾದಕರು. ಅವರಿಗೆ ಯಾರೂ ನೀರು, ರೊಟ್ಟಿ ಕೊಡಕೂಡದು. ಕೊಟ್ಟವರ ಹೆಸರು ಪೊಲೀಸರಿಗೆ ಹೋಗುವುದು.

ಮುದುಕಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸಾರಿದರೆ ಹೆಂಡತಿಯೂ ಸೇರಿ ನಲವತ್ತು ಮಂದಿ ಹಸಿದು ಕೂರಬೇಕು, ನಾಳೆ ಜೀಪೂ ಹತ್ತಬೇಕು. ಸಾರದಿದ್ದರೆ ಅಪ್ಪನ ಹಲಗೆ ಕೈಬಿಟ್ಟು ಹೋಗುತ್ತದೆ. ಅವನು ಬೆಂಚಿನ ಮೇಲೆ ಕುಸಿದು, ಆ ದೊಡ್ಡ ಮಾತಿನ ಅರ್ಥವೇನೆಂದು ಕೇಳಿದ.

ಕೇಳಿದ್ದೇ ತಡ, ಅಂಗಡಿಯಲ್ಲಿ ಗುಲ್ಲೋ ಗುಲ್ಲು. ರೇಡಿಯೋದಲ್ಲಿ ಬಸ್ಸಿಗೆ ಬಾಂಬಿಟ್ಟವರಿಗೆ ಹಾಗೆ ಅನ್ನುತ್ತಾರೆ ಎಂದ ಗೌಸ್‌ಸಾಬ್. ಸರ್ಕಾರಕ್ಕೆ ಎದುರು ನಿಂತವರೆಲ್ಲ ಅವರೇ ಎಂದು ಮೂಲೆಯಲ್ಲಿದ್ದವನೊಬ್ಬ ವಾದ ಹೂಡಿದ. ಹಾಗಾದರೆ ಹೋದ ವರ್ಷ ನೀರು ಬರಲಿಲ್ಲವೆಂದು ರಸ್ತೆಗೆ ಕಲ್ಲಿಟ್ಟ ನೀನೂ ಅವನೇ ಎಂದು ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ಪಂಪಣ್ಣ ಮಾಸ್ತರರು ಮಾತ್ರ ಸಮಾಧಾನದಿಂದ ಬಿಡಿಸಿದರು. ಪಾಪದ ಜನರ ಜೀವ ತೆಗೆದು, ಉಳಿದವರನ್ನು ಅಂಜಿಸಿ ತನ್ನ ಕೆಲಸ ಸಾಧಿಸುವವನು ಭಯೋತ್ಪಾದಕ. ಬದುವಿನ ಮೇಲೆ ಕೂತವರು ಯಾರ ಜೀವ ತೆಗೆದಿದ್ದಾರೆ? ಗೌಡರಿಗೆ ನಾಟಿ ತಡವಾಗುವ ಚಿಂತೆ, ಅದು ಬೇರೆ ಮಾತು.

"ಮತ್ತ ಅವರಿಗ್ಯಾಕ ಈ ಹೆಸರು, ಮಾಸ್ತರ?" ಎಂದ ಮುದುಕಪ್ಪ.

"ಕುರ್ಚಿ ಮ್ಯಾಲ ಕುಂತವರ ಕೈಯಾಗಿನ ಮುದ್ರಿ ಅದು. ಯಾರು ಬ್ಯಾಡೋ ಅವರ ಮ್ಯಾಲ ಒತ್ತತಾರ. ನಿಜಾಮನ ಕಾಲದಾಗ 'ಬಾಗಿ', ಅಂದ್ರ ದಂಗೆಕೋರ, ಅಂತ ಒತ್ತತಿದ್ರು."

ಮುದುಕಪ್ಪ ಚಂಗನೆ ಎದ್ದ. ಬಾಗಿ! ಅಪ್ಪ ಸಾಯುವ ತನಕ ನೆನೆದು ನೊಂದುಕೊಂಡಿದ್ದ ಡಂಗುರ ಅದೇ ಅಲ್ಲವೇ? ಗೌಸ್‌ಸಾಬನ ಒಲೆಯ ಉರಿಗೆ ಹಲಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡ. ಅವನು ಹೊರಟ ರಭಸಕ್ಕೆ ಇಡೀ ಚಹದಂಗಡಿಯೇ ಹಿಂದೆ ಹೊರಟಿತು.

ಗೌಡರ ಬಾಗಿಲಲ್ಲಿ ನಿಂತು ಚೀಟಿಯಲ್ಲಿದ್ದುದನ್ನು ಒಂದು ಮಾತೂ ಬಿಡದೆ ಸಾರಿದ. ಗೌಡರು ಪಡಸಾಲೆಯಲ್ಲಿ ಮೀಸೆ ತೀಡುತ್ತ ಕೂತಿದ್ದರು. ಒಳಗಿಂದ ಅವರ ತಾಯಿ ಕನಕಮ್ಮ ಕೋಲೂರಿಕೊಂಡು ಬಂದು, ಅದೇನೋ ಅಂದೆಯಲ್ಲ, ಹಾಗೆಂದರೇನೆಂದು ಕೇಳಿದರು. ಕೇಳಿದ ಮೇಲೆ ಮುದುಕಪ್ಪ ನಿಂತು ಬಿಡಿಸಿ ಹೇಳಲೇಬೇಕು, ಅದು ರಿವಾಜು.

"ಅವ್ವಾರ, ನಮ್ಮಪ್ಪ ಇದ ಊರಾಗ ನಿಮ್ಮ ಯಜಮಾನ್ರಿಗೆ 'ಬಾಗಿ' ಅಂತ ಸಾರಿದ್ದ. ಅವರಿಗೆ ಯಾರೂ ರೊಟ್ಟಿ ಕೊಡಬಾರದು ಅಂತಿತ್ತು. ಈಗ ಅಂಥಾ ಮಾತನ್ನ ನಮ್ಮ ಹೆಣ್ಮಕ್ಕಳಿಗೆ ಅನ್ನಾಕತ್ತಾರ."

ಪಡಸಾಲೆಯ ಗೋಡೆಯ ಮೇಲೆ ಗೌಡರ ಅಪ್ಪನ ಫೋಟೋ, ಪಕ್ಕದಲ್ಲೇ ಸ್ವಾತಂತ್ರ್ಯ ಹೋರಾಟಗಾರನೆಂದು ಸರ್ಕಾರ ಕೊಟ್ಟ ತಾಮ್ರಪತ್ರ ಇದ್ದವು. ಗೌಡರ ಮುಖ ಕೆಂಪೇರಿತು. ಅವರು ಬಾಯಿ ತೆರೆಯುವ ಮೊದಲೇ ಕನಕಮ್ಮ ಮಗನ ಕಡೆ ತಿರುಗಿದರು.

"ಅವತ್ತು ನಿಮ್ಮಪ್ಪ ಜ್ವಾಳದ ಹೊಲದಾಗ ಅಡಗಿದ್ದ. ನಾ ಕದ್ದು ರೊಟ್ಟಿ ಒಯ್ಯದಿದ್ರ ನೀ ಹುಟ್ಟತಿದ್ದಿಲ್ಲ."

ಒಳಗೆ ಹೋದವರು ರೊಟ್ಟಿಯ ಬುಟ್ಟಿಯೊಂದಿಗೇ ಹೊರಬಂದರು. "ಬದುವಿಗೆ ಹೊಂಟೀನಿ. ಪೊಲೀಸರಿಗೆ ಕೊಡೋ ಪಟ್ಟಿಯಾಗ ನನ್ನ ಹೆಸರು ಮೊದಲ ಬರಿ" ಎಂದು ಮೆಟ್ಟಿಲಿಳಿದೇಬಿಟ್ಟರು.

ಮುದುಕಪ್ಪನಿಗೆ ಆದ ಸಂಭ್ರಮ ಅಷ್ಟಿಷ್ಟಲ್ಲ. ಬುಟ್ಟಿ ಇಸಿದುಕೊಂಡು ತಲೆಯ ಮೇಲಿಟ್ಟು ಮುಂದೆ ಮುಂದೆ ನಡೆದ. ಊರು ಹಿಂದೆ ಬಂತು, ಚೀಟಿಯ ಸುದ್ದಿ ಅವರಿಗಿಂತ ಮೊದಲೇ ಬದುವಿಗೆ ಮುಟ್ಟಿತ್ತು. ತಾಯಿಯೊಬ್ಬಳನ್ನೇ ಬಿಡಲಾಗದೆ ಗೌಡರೂ ಮೇಸ್ತ್ರಿಯ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಬದುವಿನ ಹತ್ತಿರ ಮೇಸ್ತ್ರಿ ತಲೆ ತಗ್ಗಿಸಿ, ತಪ್ಪಾಯಿತೆಂದು ಗೊಣಗಿದ. ಯಮನೂರಮ್ಮ ಎದ್ದೇಬಿಟ್ಟಳು. ಆದರೆ ಪಕೀರಮ್ಮ ಏಳಲಿಲ್ಲ.

"ತಳ್ಳಿದ್ದಕ್ಕ ಇವ ಮಾಫಿ ಕೇಳಿದ," ಎಂದಳು. "ಆ ಹೆಸರಿಟ್ಟಿದ್ದಕ್ಕ ಯಾರು ಕೇಳತಾರ?"

ಎಲ್ಲರೂ ಗೌಡರನ್ನು ನೋಡಿದರು. ಗೌಡರು ತಾಯಿಯನ್ನು ನೋಡಿದರು. ಕನಕಮ್ಮ ತಲೆಯೆತ್ತದೆ ಒಬ್ಬೊಬ್ಬರಿಗೂ ರೊಟ್ಟಿ ಹಂಚುತ್ತಿದ್ದರು. ಕೊನೆಗೆ ಗೌಡರು ಚಪ್ಪಲಿ ಬಿಟ್ಟು ಬದು ಹತ್ತಿದರು.

"ನಾ ಕೇಳತೀನವ್ವ. ತಪ್ಪಾತು."

ಪಕೀರಮ್ಮನನ್ನು ಬದುವಿನ ಮೇಲೆಯೇ ಕೂರಿಸಿ, ಉಳಿದವರು ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದರು.