ಹನ್ನೆರಡನೇ ನಂಬರಿನ ಬಲತೋಳು

ವ್ರಾನಾ ಊರಿನ ಬೇಕರಿಯಲ್ಲಿ ಕೆಲಸಕ್ಕಿದ್ದ ಅಲ್ಬೀನಾ ಕ್ರೆನೆಕ್ ಹಿಟ್ಟು ನಾದಿ ಮುಗಿಸುವ ಹೊತ್ತಿಗೆ ಕಿಟಕಿ ಪಕ್ಕದ ದೊಡ್ಡ ಮೇಜಿಗೆ ಗಂಡಸರು ಬಂದು ಕೂರುತ್ತಿದ್ದರು. ಗಸಗಸೆ ತುಂಬಿದ ಕೊಲಾಚೆ ಬನ್ನು, ಕಾಫಿ, ಡಾಮಿನೋ ಬಿಲ್ಲೆಗಳ ಟಕಟಕ. ಹತ್ತಿಯ ಬೆಲೆ, ಮಳೆಯ ಮೋಡ, ಸತ್ತವರ ಸುದ್ದಿ ಎಲ್ಲವೂ ಆ ಮೇಜಿಗೆ ಬರುತ್ತಿದ್ದವು. ಆದರೆ ಚೆಂಡನ್ನು ಕೈಯಲ್ಲಿ ಎಸೆದು ಆಡುವ ಅಲ್ಲಿನ ಫುಟ್‌ಬಾಲ್ ಶುರುವಾದ ಮೇಲೆ ಅವಕ್ಕೆ ಅಲ್ಲಿ ಕುರ್ಚಿ ಸಿಗುತ್ತಿರಲಿಲ್ಲ.

ಮೇಜಿನ ಯಜಮಾನ ಅಲ್ಫೋನ್ಸ್ ಮಾರೆಕ್. ಹಿಂದೆ ದನದ ಮೇವಿನ ಅಂಗಡಿ ಇಟ್ಟಿದ್ದವನು, ಈಗ ಶಾಲೆಯ ತಂಡದ ಬೆಂಬಲಿಗರ ಸಂಘಕ್ಕೆ ಅಧ್ಯಕ್ಷ. ಅವನೆದುರಿಗೆ ಡೆಲ್ಬರ್ಟ್ ಶ್ಮಿಟ್ಕೆ. ಡೆಲ್ಬರ್ಟನಿಗೆ ಸ್ವಂತ ಅಭಿಪ್ರಾಯಗಳು ಕಡಿಮೆ. ಅಲ್ಫೋನ್ಸ್ ಹೇಳಿದ್ದಕ್ಕೆ ಎದುರಾಡುವುದೊಂದೇ ಅವನ ವ್ರತ, ಅದನ್ನು ಅವನು ಶಾಲೆಯಲ್ಲಿದ್ದಾಗಿನಿಂದ ತಪ್ಪದೆ ನಡೆಸಿಕೊಂಡು ಬಂದಿದ್ದ.

ಅಲ್ಬೀನಾಳಿಗೆ ಈ ಮೇಜಿನಲ್ಲಿ ವಿಶೇಷ ಮರ್ಯಾದೆ ಇತ್ತು. ಅದು ಅವಳ ಕೊಲಾಚೆಗೆ ಸಿಕ್ಕಿದ್ದಲ್ಲ, ತೀರಿಹೋದ ಅವಳ ಗಂಡ ಲ್ಯಾಡ್ಡಿಯಿಂದ ಬಂದದ್ದು. ಲ್ಯಾಡ್ಡಿ ಹುಡುಗನಾಗಿದ್ದಾಗ ವ್ರಾನಾ ತಂಡದ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು ಅವನೇ, ತಂಡವೆಲ್ಲ ಆಡುವುದು ಅವನ ಬಾಯಿ ನೋಡಿಕೊಂಡು. ಪಕ್ಕದ ಹಾಸ್ಕಿನ್ಸ್ ಊರಿನ ಮೇಲೆ ಆಡುವಾಗ ಮೊದಲರ್ಧದಲ್ಲೇ ಅವನ ಬಲಭುಜ ಕಿತ್ತುಬಂತು. ಉಳಿದರ್ಧವನ್ನೂ ಅವನು ಆ ಭುಜದಲ್ಲೇ ಆಡಿದ. ಆಸ್ಪತ್ರೆಯಲ್ಲಿ ಅವನ ಜರ್ಸಿಯನ್ನು ತೆಗೆಯಲಾಗದೆ ನರ್ಸು ಕುತ್ತಿಗೆಯಿಂದ ಬಲತೋಳಿನ ತುದಿಯವರೆಗೆ ಕತ್ತರಿ ಹಾಕಿದಳು. ಆ ಕಡುಗೆಂಪು ಜರ್ಸಿ, ಹನ್ನೆರಡನೇ ನಂಬರಿನದು, ಈಗ ಶಾಲೆಯ ಬಾಗಿಲಲ್ಲಿ ಗಾಜಿನ ಕಪಾಟಿನೊಳಗಿತ್ತು. ಹಾಸ್ಕಿನ್ಸ್ ಪಂದ್ಯದ ವಾರ ಪ್ರತಿ ವರ್ಷದ ಕ್ವಾರ್ಟರ್‌ಬ್ಯಾಕ್ ಆ ಗಾಜನ್ನು ಬಲಗೈಯಲ್ಲಿ ಮುಟ್ಟಿ ಹೋಗುವುದು ಊರಿನ ಪದ್ಧತಿ. ಮುಟ್ಟಿ ಮುಟ್ಟಿ ಆ ಜಾಗದಲ್ಲಿ ಗಾಜು ಮಬ್ಬಾಗಿತ್ತು.

ಆ ಪಂದ್ಯ ಗೆದ್ದದ್ದು ಹಾಸ್ಕಿನ್ಸ್. ಅದನ್ನು ಯಾರೂ ಗಾಜಿನ ಕಪಾಟಿನಲ್ಲಿ ಇಟ್ಟಿರಲಿಲ್ಲ.

ಜರ್ಸಿಯನ್ನು ಕಪಾಟಿಗೆ ಮಡಿಸಿಕೊಟ್ಟವಳು ಅಲ್ಬೀನಾಳೇ. ಆಗ ಅವಳು ಲ್ಯಾಡ್ಡಿಯ ಕೈಹಿಡಿಯಬೇಕಿದ್ದ ಹುಡುಗಿ. ನಂಬರು ಎದುರಿಗೆ, ಎಡತೋಳು ಪಕ್ಕಕ್ಕೆ, ಕತ್ತರಿಸಿದ ಬಲತೋಳು ಒಳಮಡಿಕೆಗೆ. ಅಂದವಾಗಿ ಕಾಣಲಿ ಎಂದು ಮಾಡಿದ ಕೆಲಸ. ನೋಡಿದವರಿಗೆ ಅದರ ಮೈಮೇಲೆ ಒಂದು ಗೀರೂ ಕಾಣುತ್ತಿರಲಿಲ್ಲ.

ಮದುವೆಯಾದ ಮೇಲೆ ಅವಳು ಮೊದಲು ಕಲಿತದ್ದು ಗಂಡನಿಗೆ ಅಂಗಿ ತೊಡಿಸುವುದನ್ನು. ನೋವಿನ ಕೈ ಮೊದಲು, ಆಮೇಲೆ ತಲೆ, ಕೊನೆಗೆ ಚೆನ್ನಾಗಿರುವ ಕೈ. ಈ ಕ್ರಮ ತಪ್ಪಿದರೆ ಲ್ಯಾಡ್ಡಿ ಹಲ್ಲು ಕಚ್ಚಿ ಗೋಡೆ ಹಿಡಿಯುತ್ತಿದ್ದ. ಅವನ ಬಲಗೈ ಎದೆಮಟ್ಟ ದಾಟಿ ಮೇಲೆ ಹೋಗುತ್ತಿರಲಿಲ್ಲ. ತಲೆ ಬಾಚುವವಳು ಅವಳು, ಕಪಾಟಿನಿಂದ ಡಬ್ಬ ಇಳಿಸುವವಳು ಅವಳು, ಮಕ್ಕಳನ್ನು ಹೆಗಲಿಗೇರಿಸುವವಳೂ ಅವಳೇ. ಊರಿನ ಮೆರವಣಿಗೆಯಲ್ಲಿ ಟ್ರಕ್ಕಿನ ಮೇಲೆ ನಿಂತು ಲ್ಯಾಡ್ಡಿ ಎಡಗೈ ಬೀಸುತ್ತಿದ್ದ. ಅದೊಂದು ಸೊಗಸು ಎಂದು ತಿಳಿದ ಊರಿನ ಹುಡುಗರು ತಾವೂ ಎಡಗೈ ಬೀಸುವುದನ್ನು ರೂಢಿ ಮಾಡಿಕೊಂಡಿದ್ದರು. ಸಾಯುವ ತನಕ ಅವನು ಈ ಬೇಕರಿಯಲ್ಲಿ ಕಾಫಿಗೆ ದುಡ್ಡು ಕೊಟ್ಟವನಲ್ಲ. ಕೊಡಲು ಹೋದರೆ ಮೇಜಿನವರು ಬಿಡುತ್ತಿರಲಿಲ್ಲ. ಒಂದು ಭುಜಕ್ಕೆ ಅಷ್ಟು ಬೆಲೆ ಸಿಕ್ಕಿತ್ತು.

ಈ ವರ್ಷದ ಕ್ವಾರ್ಟರ್‌ಬ್ಯಾಕ್ ಅವಳ ಮಗಳ ಮಗ ವೆಸ್ಲಿ. ಹಾಸ್ಕಿನ್ಸ್ ಪಂದ್ಯಕ್ಕೆ ಮುಂಚಿನ ಆಟದಲ್ಲಿ ಇಬ್ಬರು ಅವನ ಮೇಲೆ ಬಿದ್ದು ಬಲಭುಜದ ಕೀಲು ಜಾರಿತು. ಕೀಲನ್ನು ಮೈದಾನದಲ್ಲೇ ಮತ್ತೆ ಕೂರಿಸಿದರು. ಡಾಕ್ಟರು ಚಿತ್ರ ತೆಗೆಸಿ ನೋಡಿ, ಕೀಲನ್ನು ಹಿಡಿದಿಡುವ ಕಟ್ಟುಗಳು ಹರಿದಿವೆ, ಈಗ ಎಸೆದರೆ ಭುಜ ಜನ್ಮಕ್ಕೆ ನೆಟ್ಟಗಾಗದು ಎಂದರು.

"ಆ ಡಾಕ್ಟ್ರು ಎಲ್ಲಿ ಓದಿದ್ದು ಗೊತ್ತಾ?" ಅಲ್ಫೋನ್ಸ್ ಬಿಲ್ಲೆಯನ್ನು ಮೇಜಿಗೆ ಕುಕ್ಕಿದ. "ಹಾಸ್ಕಿನ್ಸ್ ಶಾಲೇಲಿ! ಅವನು ಇನ್ನೇನು ಹೇಳ್ತಾನೆ? ಆಡಿಸಿ ಅಂತಾನಾ?"

"ಎಲುಬಿನ ಚಿತ್ರ ಹಾಸ್ಕಿನ್ಸ್‌ನಲ್ಲಿ ಒಂಥರಾ, ವ್ರಾನಾದಲ್ಲಿ ಒಂಥರಾ ಬರುತ್ತೇನೋ?" ಎಂದ ಡೆಲ್ಬರ್ಟ್.

"ನೀನು ಸುಮ್ನಿರಯ್ಯ. ಹುಡುಗ ನಿನ್ನೆ ಕೈ ಬೀಸ್ಕೊಂಡು ನಡೀತಿದ್ದ, ನಾನೇ ನೋಡ್ದೆ."

"ನಡಿಯೋದು ಕಾಲಲ್ಲಿ, ಅಲ್ಫೋನ್ಸ್. ಎಸೆಯೋದು ಕೈಯಲ್ಲಿ. ಕೂರಿಸಿ ಅವನ್ನ. ಸಲೀನಾಸ್ ಹುಡುಗ ಹೆಕ್ಟರ್ ಇದಾನಲ್ಲ."

"ಹೆಕ್ಟರ್! ಅವನು ಬೆಂಚಿನ ಮೇಲೆ ನಿಂತ್ರೆ ನನ್ನ ಗಡ್ಡಕ್ಕೆ ಬರ್ತಾನೆ. ಹಾಸ್ಕಿನ್ಸ್‌ನೋರು ಅವನ್ನ ಮಡಚಿ ಜೇಬಲ್ಲಿಟ್ಕೊಂಡು ಹೋಗ್ತಾರೆ."

ಕಾಫಿ ತುಂಬಲು ಬಂದ ಅಲ್ಬೀನಾ ನಿಂತಳು. "ಲ್ಯಾಡ್ಡಿಗೆ ಆಮೇಲೆ ತಲೆ ಬಾಚ್ಕೊಳ್ಳೋಕೂ ಆಗ್ತಿರಲಿಲ್ಲ ಅಲ್ಫೋನ್ಸ್."

"ಅದೇ ನಾನು ಹೇಳೋದು!" ಅಲ್ಫೋನ್ಸನ ಕಣ್ಣು ಹೊಳೆಯಿತು. "ಒಂದು ದಿನ ಬಾಯಿಬಿಟ್ಟು ಹೇಳ್ಕೊಂಡನಾ? ಅದು ಗಂಡಸು!"

"ಅಂಗಿ ಗುಂಡಿ ನಾನು ಹಾಕ್ತಿದ್ದೆ."

"ನೋಡಿ, ನೋಡಿ! ಹೆಂಡ್ತಿ ಅಂದ್ರೆ ಹೀಗಿರಬೇಕು."

ಅಲ್ಬೀನಾ ಕಾಫಿ ತುಂಬಿದಳು. ಲ್ಯಾಡ್ಡಿಯ ನೋವನ್ನು ಎಷ್ಟು ತೆಗೆದು ಮೇಜಿನ ಮೇಲಿಟ್ಟರೂ ಅವರು ಅದನ್ನು ಒರೆಸಿ ಹೊಳಪು ಕೊಟ್ಟು ಪದಕ ಮಾಡಿಬಿಡುತ್ತಿದ್ದರು.

ತಂಡವನ್ನು ಆರಿಸಬೇಕಾದವನು ಕೋಚ್ ರಟ್ಲೆಜ್. ಬೇರೆ ಊರಿನವನು, ಬಂದು ಎರಡನೇ ವರ್ಷ. ಬೇಕರಿಗೆ ಬಂದು ಟೋಪಿ ತೆಗೆದು, ಎಲ್ಲರ ಮಾತಿಗೂ ತಲೆಯಾಡಿಸಿ ಹೋಗುತ್ತಿದ್ದ. "ಹುಡುಗನೇ ಆಗುತ್ತೆ ಅಂತಿದಾನೆ, ಮಿಸೆಸ್ ಕ್ರೆನೆಕ್. ಮನೆಯವರೂ ಸರಿ ಅಂದಿದಾರೆ. ನಾನು ಬೇಡ ಅಂದ್ರೆ ಈ ಊರಲ್ಲಿ ನನಗೆ ಮನೆ ಬಾಡಿಗೆಗೆ ಕೊಡೋರು ಇರಲ್ಲ" ಎಂದು ಅವಳ ಹತ್ತಿರ ಮೆಲ್ಲಗೆ ಹೇಳಿದ. ನಗಲು ನೋಡಿದ, ನಗು ಬರಲಿಲ್ಲ.

ಮನೆಯವರು ಸರಿ ಎಂದದ್ದು ಅಲ್ಬೀನಾಳಿಗೆ ಗೊತ್ತಿತ್ತು. ಅವಳ ಮಗಳು ಜೋಸಿ ಫೋನಿನಲ್ಲಿ, "ಅಮ್ಮ, ಕ್ರೆನೆಕ್ ಮೊಮ್ಮಗ ಬೆಂಚಲ್ಲಿ ಕೂತ ಅಂತ ಅನ್ನಿಸ್ಕೊಳ್ಳೋಕೆ ಅವನಿಗೂ ಇಷ್ಟ ಇಲ್ಲ, ನಮಗೂ ಇಲ್ಲ. ನೀನು ಮಧ್ಯೆ ಬರಬೇಡ" ಎಂದಿದ್ದಳು.

ವೆಸ್ಲಿಯೇ ಒಂದು ಸಂಜೆ ಅಜ್ಜಿಯ ಅಡುಗೆಮನೆಗೆ ಬಂದ. ಕೊಲಾಚೆಯನ್ನು ಎಡಗೈಯಲ್ಲಿ ತಿಂದ.

"ನೋಯುತ್ತಾ ಕಂದ?"

"ಇಲ್ಲ ಬಾಬಿ." ಅಜ್ಜಿಯನ್ನು ಅವನು ಕರೆಯುತ್ತಿದ್ದುದು ಹಾಗೆ.

"ಎತ್ತಿ ತೋರಿಸು."

"ನೀನೂ ಡಾಕ್ಟ್ರ ಥರ ಆಡ್ಬೇಡ. ತಾತ ಆಡಿದ್ರಲ್ಲ?"

"ಆಡಿದ್ರು."

"ಮತ್ತೆ?"

ಮತ್ತೆ ಎಂಬುದಕ್ಕೆ ಅವಳ ಹತ್ತಿರ ಸಂಸಾರದಷ್ಟು ಉದ್ದದ ಉತ್ತರವಿತ್ತು. ಹುಡುಗ ಹದಿನೇಳರವನು, ಹೊರಗೆ ಸ್ನೇಹಿತರು ಟ್ರಕ್ಕಿನ ಹಾರ್ನ್ ಒತ್ತುತ್ತಿದ್ದರು. ಅವನು ಎದ್ದು ಹೋದ.

ಆ ವಾರ ಅಲ್ಫೋನ್ಸನ ತಲೆಗೆ ಒಂದು ಯೋಚನೆ ಹೊಳೆಯಿತು. ಅವನ ಯೋಚನೆಗಳು ಹೊಳೆಯುವಾಗ ಇಡೀ ಬೇಕರಿಗೆ ತಿಳಿಯುತ್ತಿತ್ತು. "ಗಾಜು ಮುಟ್ಟೋದು ಸಾಲದು! ಈ ಸಲ ಕಪಾಟು ತೆಗೆಸ್ತೀನಿ. ಗುರುವಾರ ಎಲ್ಲರೆದುರಿಗೆ ವೆಸ್ಲಿ ತಾತನ ಜರ್ಸಿ ತೊಡಲಿ. ಕೈಗೆ ಕೊಡೋದು ನೀನೇ, ಅಲ್ಬೀನಾ!"

ಪಂದ್ಯದ ಹಿಂದಿನ ದಿನ ಊರಿಗೆ ಊರೇ ಶಾಲೆಯ ದೊಡ್ಡ ಹಜಾರದಲ್ಲಿ ಸೇರಿ ಕೂಗುವ ಪದ್ಧತಿ ಮೊದಲಿನಿಂದಲೂ ಇತ್ತು. ಡೆಲ್ಬರ್ಟ್ ಕೂಡ ಇದಕ್ಕೆ ಎದುರಾಡಲಿಲ್ಲ. ಆಡಿದ್ದರೆ ಅವನನ್ನು ಮೇಜಿನಿಂದ ಎಬ್ಬಿಸುತ್ತಿದ್ದರು.

ಒಗೆದು ಇಸ್ತ್ರಿ ಮಾಡಿಕೊಡಲೆಂದು ಜರ್ಸಿಯನ್ನು ಅವಳ ಮನೆಗೇ ತಂದುಕೊಟ್ಟರು, ಮಡಿಕೆ ಬಿಡಿಸದೆ. ಬೇಕರಿ ಮುಚ್ಚಿದ ಮಧ್ಯಾಹ್ನ ಅವಳು ಅದನ್ನು ಮೇಜಿನ ಮೇಲೆ ಬಿಡಿಸಿದಳು. ಒಳಮಡಿಕೆಯಿಂದ ಬಲತೋಳು ಎರಡು ಸೀಳಾಗಿ ಹೊರಗೆ ಬಿತ್ತು.

ಅಲ್ಬೀನಾ ಕೈ ಕಟ್ಟಿಕೊಂಡು ಅದನ್ನೇ ನೋಡುತ್ತಾ ನಿಂತಳು. ಹೀಗೇ ಕೊಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದಳು. ಸೀಳು ಬಿಟ್ಟ ಬಟ್ಟೆ ಮಳೆಕೋಟಿನಂತೆ ಅವನ ಹೆಗಲಿಗೇರುತ್ತದೆ, ಕೈ ಎತ್ತುವ ಕೆಲಸವೇ ಇರುವುದಿಲ್ಲ. ಸೀಳು ಕಂಡ ಜನ ಹೆದರುವುದೂ ಇಲ್ಲ. ಕತ್ತರಿ ಹಾಕಿ ಬಿಚ್ಚಬೇಕಾಯಿತಂತೆ ಎಂದು ಇನ್ನೊಂದಿಷ್ಟು ಜೋರಾಗಿ ಕೂಗುತ್ತಾರೆ. ಮರುದಿನ ಹುಡುಗ ಮೈದಾನಕ್ಕಿಳಿಯುತ್ತಾನೆ. ಗಾಯಗೊಂಡವನಿಗೆಂದೇ ಹೊಲಿಸಿದ ಅಂಗಿಯಂತಿತ್ತು ಅದು.

ಅವಳು ಸೂಜಿಪೆಟ್ಟಿಗೆ ತಂದಳು. ಕಡುಗೆಂಪು ದಾರವನ್ನು ಬಟ್ಟೆಯ ಪಕ್ಕ ಹಿಡಿದು, ಬೆಳಕಿಗೆ ತಿರುಗಿಸಿ, ಬಣ್ಣ ಒಪ್ಪುವುದನ್ನು ಆರಿಸಿದಳು. ತೋಳಿನ ತುದಿಯಿಂದ ಶುರು ಮಾಡಿ ಕುತ್ತಿಗೆಯವರೆಗೆ ಅಂಚಿಗೆ ಅಂಚು ಕೂಡಿಸಿ, ಒತ್ತೊತ್ತಾಗಿ, ಎರಡೆರಡು ಸಲ ಹೊಲಿದಳು. ಭುಜದ ಬಳಿ ಮೂರು ಸಲ. ಮೊಮ್ಮಗ ತಾತನಿಗಿಂತ ಅಗಲದ ಆಳು ಎಂಬುದು ಗೊತ್ತಿದ್ದೂ ಒಂದು ಎಳೆಯಷ್ಟು ಸಡಿಲ ಬಿಡಲಿಲ್ಲ.

ಗುರುವಾರ ಹಜಾರ ತುಂಬಿತ್ತು. ಬ್ಯಾಂಡಿನವರು ಬಾರಿಸುತ್ತಿದ್ದರು, ಹುಡುಗಿಯರು ಕುಣಿಯುತ್ತಿದ್ದರು. ಅಲ್ಫೋನ್ಸ್ ಜರ್ಸಿಯನ್ನು ಎತ್ತಿ ಜನಕ್ಕೆ ತೋರಿಸಿ, ಅಲ್ಬೀನಾಳ ಕಿವಿಯ ಹತ್ತಿರ, "ಹೊಸದರ ಹಾಗೆ ಇಟ್ಟಿದೀಯಲ್ಲೇ! ಒಂದು ಗೀರಿಲ್ಲ!" ಎಂದ.

"ಇಲ್ಲ" ಎಂದಳು ಅಲ್ಬೀನಾ.

ಅವಳು ಜರ್ಸಿಯನ್ನು ವೆಸ್ಲಿಯ ಕೈಗೆ ಕೊಟ್ಟಳು. ಅವನು ತಲೆ ತೂರಿಸಿದ. ಎಡಗೈ ಹಾಕಿದ. ಜನ "ಕ್ರೆನೆಕ್! ಕ್ರೆನೆಕ್!" ಎಂದು ಕಾಲು ಬಡಿಯತೊಡಗಿದರು. ಉಳಿದದ್ದು ಬಲಗೈ.

ತೋಳಿನ ಬಾಯಿ ಅವನ ಕಂಕುಳ ಬಳಿ ಬಿಗಿದು ನಿಂತಿತ್ತು. ಕೈ ಎತ್ತಿ ಒಳಕ್ಕೆ ತೂರಿಸಬೇಕು. ಅವನು ಎತ್ತಿದ, ಎದೆಮಟ್ಟಕ್ಕೆ ಬಂದು ನಿಂತಿತು. ಮೈ ವಾಲಿಸಿ ನೋಡಿದ. ಬಗ್ಗಿ ನೋಡಿದ. ಮೂಗಿನ ಮೇಲೆ ಬೆವರೊಡೆಯಿತು. ಬ್ಯಾಂಡಿನವರು ಅದೇ ಸಾಲನ್ನು ಮತ್ತೆ ಬಾರಿಸಿದರು, ಮತ್ತೊಮ್ಮೆ ಬಾರಿಸಿದರು, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಎತ್ತು ಮಗ! ಮೇಲಕ್ಕೆ!" ಅಲ್ಫೋನ್ಸ್ ಮೈಕಿನಲ್ಲೇ ಹೇಳಿದ.

ವೆಸ್ಲಿ ಅಜ್ಜಿಯ ಕಡೆ ನೋಡಿದ. ಅವನ ಮುಖ ಬಣ್ಣಗೆಟ್ಟಿತ್ತು. ಕುತ್ತಿಗೆ ಬಟ್ಟೆಯಲ್ಲಿ ಸಿಕ್ಕಿಕೊಂಡು, ಒಂದು ಕೈ ಒಳಗೆ, ಒಂದು ಕೈ ಹೊರಗೆ, ಇಡೀ ಊರಿನೆದುರು ನಿಂತಿದ್ದ.

ಅಲ್ಬೀನಾಳ ಬೆರಳುಗಳು ತಾವಾಗಿಯೇ ಅಲುಗಿದವು. ಬಿಚ್ಚಿಸಿ, ನೋವಿನ ಕೈ ಮೊದಲು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಜರ್ಸಿ ನೆಟ್ಟಗೆ ಮೈಗೇರುತ್ತಿತ್ತು, ಬ್ಯಾಂಡು ಮೊಳಗುತ್ತಿತ್ತು. ಜಗತ್ತಿನಲ್ಲಿ ಆ ಕ್ರಮ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಎರಡೂ ಕೈಯನ್ನು ಕೋಟಿನ ಜೇಬಿನೊಳಗೆ ತುರುಕಿ, ಬಾಯಿ ಮುಚ್ಚಿಕೊಂಡು ನಿಂತಳು.

ಮುಂದೆ ಬಂದವನು ಕೋಚ್ ರಟ್ಲೆಜ್. ಜರ್ಸಿಯನ್ನು ಮೆಲ್ಲನೆ ಹುಡುಗನ ತಲೆಯಿಂದ ಬಿಡಿಸಿದ. "ಚೆಂಡು ಹೇಗಪ್ಪಾ ಎಸೀತೀಯ?" ಎಂದು ಅವನಿಗಷ್ಟೇ ಕೇಳುವಂತೆ ಕೇಳಿದ. ಎದುರಿಗೆ ಮೈಕಿದ್ದದ್ದು ಅವನಿಗೆ ನೆನಪಾಗಲಿಲ್ಲ. ಊರೆಲ್ಲ ಕೇಳಿಸಿಕೊಂಡಿತು.

ವೆಸ್ಲಿ ಬಲಗೈಯನ್ನು ಎಡಗೈಯಲ್ಲಿ ಆತುಕೊಂಡು ತಂಡದ ಸಾಲಿಗೆ ಹೋಗಿ ನಿಂತ.

ಶುಕ್ರವಾರ ಆಡಿದವನು ಹೆಕ್ಟರ್ ಸಲೀನಾಸ್. ಯಾರೂ ಅವನನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿಲ್ಲ. ಆದರೂ ಗೆದ್ದದ್ದು ಹಾಸ್ಕಿನ್ಸ್.

ಸೋಮವಾರ ಬೇಕರಿಯಲ್ಲಿ ಅಲ್ಫೋನ್ಸ್ ಬಿಲ್ಲೆಗಳನ್ನು ಕಲಸುತ್ತಾ, "ಆ ಹುಡುಗನ್ನ ಆಡಿಸಬೇಡಿ ಅಂತ ನಾನು ಮೊದಲಿಂದ ಬಡ್ಕೊಂಡೆ. ಡಾಕ್ಟ್ರು ಹೇಳಿದ ಮೇಲೆ ಮುಗೀತಲ್ಲ!" ಎಂದ.

"ಆಡಿಸಿದ್ರೆ ಗೆಲ್ತಿದ್ವಿ" ಎಂದ ಡೆಲ್ಬರ್ಟ್. "ಲ್ಯಾಡ್ಡಿ ಆಡ್ಲಿಲ್ವಾ?"

"ನಿನಗೆ ಕರುಣೆ ಅನ್ನೋದೇ ಇಲ್ವಲ್ಲಯ್ಯ!"

ಅಲ್ಬೀನಾ ಇಬ್ಬರಿಗೂ ಕಾಫಿ ತುಂಬಿದಳು. ಜರ್ಸಿಯನ್ನು ಅವಳ ಕೈಯಲ್ಲೇ ಮಡಿಸಿ ಮತ್ತೆ ಕಪಾಟಿಗೆ ಸೇರಿಸಿದ್ದರು. ಈಗ ಬಲತೋಳನ್ನು ಒಳಗೆ ಬಚ್ಚಿಡುವ ಅಗತ್ಯವೇ ಇರಲಿಲ್ಲ, ಅಷ್ಟು ಚೆನ್ನಾಗಿ ಕೂಡಿತ್ತು ಹೊಲಿಗೆ.

ವೆಸ್ಲಿ ಮಾತ್ರ ಅಜ್ಜಿಯ ಮನೆಯ ಕಡೆ ಬರಲಿಲ್ಲ. ಚರ್ಚಿನಲ್ಲಿ ಕಂಡರೆ ನೆಲ ನೋಡುತ್ತಿದ್ದ. ಫುಟ್‌ಬಾಲ್ ಮುಗಿಯಿತು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಅವನು ಬರಲಿಲ್ಲ. ಜೋಸಿ ಬಂದು ಅಮ್ಮನ ಹತ್ತಿರ ಹೆಚ್ಚು ಮಾತಾಡದೆ ಹೋದಳು. ಅಲ್ಬೀನಾ ಪ್ರತಿ ಶನಿವಾರ ಒಂದು ಡಬ್ಬ ಕೊಲಾಚೆ ತೆಗೆದಿಡುವುದನ್ನು ಬಿಡಲಿಲ್ಲ. ಸೊಂಟದೆತ್ತರದ ಶೆಲ್ಫಿನಲ್ಲಿರುತ್ತಿದ್ದ ಆ ಡಬ್ಬವನ್ನು ಈಗ ಅವಳು ಸ್ಟೂಲು ಹತ್ತಿ ಫ್ರಿಜ್ಜಿನ ನೆತ್ತಿಯ ಮೇಲೆ, ಬಲಬದಿಯ ಮೂಲೆಗೆ ಇಡುತ್ತಿದ್ದಳು. ಹಳಸಿದ್ದನ್ನು ಕೋಳಿಗಳಿಗೆ ಹಾಕಿ ಹೊಸದು ತುಂಬುತ್ತಿದ್ದಳು.

ಕ್ರಿಸ್‌ಮಸ್ ಹತ್ತಿರ ಬಂದಾಗ ಹಿಂಬಾಗಿಲು ಸದ್ದಾಯಿತು. ವೆಸ್ಲಿ ಒಳಗೆ ಬಂದು ಕೂರದೆ ನಿಂತ.

"ವ್ಯಾಯಾಮ ಮಾಡಿಸೋ ಅಕ್ಕ ಒಬ್ರು ಹೇಳಿಕೊಟ್ರು" ಎಂದ. "ಅಂಗಿ ಹಾಕೋವಾಗ ನೋವಿನ ಕೈ ಮೊದಲು ಹಾಕ್ಬೇಕಂತೆ. ಆಗ ಎತ್ತೋದೇ ಬೇಡ್ವಂತೆ."

"ಹೂಂ."

"ನಿನಗೆ ಗೊತ್ತಿತ್ತಾ ಬಾಬಿ?"

"ಗೊತ್ತಿತ್ತು."

"ಅವತ್ತು?"

"ಅವತ್ತೂ ಗೊತ್ತಿತ್ತು ಕಂದ."

ಅವನು ಅವಳನ್ನು ನೋಡಿದ. ಅವಳು ಪಾತ್ರೆ ತೊಳೆಯುತ್ತಿದ್ದಳು, ತೊಳೆಯುವುದನ್ನು ನಿಲ್ಲಿಸಲಿಲ್ಲ. ಹುಡುಗ ಶೆಲ್ಫಿನತ್ತ ನೋಡಿದ, ಡಬ್ಬ ಅಲ್ಲಿರಲಿಲ್ಲ. ಆಮೇಲೆ ಅದು ಎಲ್ಲಿದೆಯೆಂದು ಕಂಡಿತು.

"ಅಲ್ಯಾಕಿಟ್ಟಿದೀಯ?" ಎಂದು ಸಿಡುಕಿದ.

ಅಲ್ಬೀನಾ ನಲ್ಲಿ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ತಗಡಿನ ಡಬ್ಬ ಫ್ರಿಜ್ಜಿನ ಮೇಲಿಂದ ಜರುಗಿದ ಸದ್ದು, ನಿಧಾನವಾಗಿ, ಒಂದೊಂದೇ ಬೆರಳಷ್ಟು ಜರುಗುವ ಸದ್ದು. ಒಮ್ಮೆ ನಿಂತಿತು. ಅವನ ಉಸಿರು ಕೇಳಿಸಿತು. ಮತ್ತೆ ಜರುಗಿತು. ಆಮೇಲೆ ಮುಚ್ಚಳ ತೆರೆದ ಸದ್ದು.

"ಯಾವ ಕೈಯಲ್ಲಿ ತೆಗೆದೆ?" ಎಂದಳು.

ಅವನ ಬಾಯಿ ತುಂಬಿತ್ತು. "ನೋಡ್ಬೇಕಿತ್ತು" ಎಂದ.